ಕಾಸ್ಟ್ ಐರನ್ ಬುಲೆಟ್‌ಗೆ ಶಾರ್ಟ್ ಬಾಟಲ್ ಸೈಲೆನ್ಸರ್: ಜೆಟ್ಟಿಂಗ್ ಮಾಡಿದ ಬಗೆ

ಗಾಡಿ ಹಳೆಯ ಕಾಸ್ಟ್ ಐರನ್ ಬುಲೆಟ್ 350. ಬೋರ್ 70 ಮಿ.ಮೀ., ಸ್ಟ್ರೋಕ್ 90. ಮಿಕ್‌ಕಾರ್ಬ್ ವಿಎಂ24 ಕಾರ್ಬುರೇಟರ್‌ನಲ್ಲಿ 90ರ ಮೇನ್ ಜೆಟ್, 25ರ ಪೈಲಟ್ ಜೆಟ್ ಇತ್ತು. ಜೆಟ್ ಅಂದರೆ ಪೆಟ್ರೋಲ್ ಅಳೆದು ಬಿಡುವ ತೂತಿನ ಹಿತ್ತಾಳೆ ತುಂಡು. ಸಂಖ್ಯೆ ದೊಡ್ಡದಾದಷ್ಟು ಪೆಟ್ರೋಲ್ ಹೆಚ್ಚು, ಅದನ್ನು ಹೊಂದಿಸುವುದೇ ಜೆಟ್ಟಿಂಗ್. ಶಾರ್ಟ್ ಬಾಟಲ್ ಎಂಬ ಗಿಡ್ಡ ಸೈಲೆನ್ಸರ್ ಹಾಕಿದೆ, ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ತಡೆ) ತೆಗೆಯಲಿಲ್ಲ. ಇದರಲ್ಲಿ ಹೊಗೆ ಸಲೀಸಾಗಿ ಹೊರಹೋಗಿ ಎಂಜಿನ್ ಹೆಚ್ಚು ಗಾಳಿ ಎಳೆಯುತ್ತದೆ, ಅದಕ್ಕೆ ತಕ್ಕಂತೆ ಪೆಟ್ರೋಲ್ ಏರಿಸಬೇಕು. ಉದ್ದ ಸ್ಟ್ರೋಕಿನ ಈ ಎಂಜಿನ್ನಿಗೆ ಖಾಲಿ ಪೈಪ್ ಹಾಕಿದರೆ ಎಂಜಿನ್ ನಿಧಾನ ತಿರುಗುವಾಗಿನ ಎಳೆತವೇ ಹೋಗುತ್ತದೆ. ಮೇಲಾಗಿ 175 ಸಿಸಿ ದಾಟಿದ ಬೈಕಿಗೆ ನಿಯಮದ ಮಿತಿ 80 ಡೆಸಿಬಲ್.

ಜೆಟ್ ಮುಟ್ಟುವ ಮುಂಚೆ, ಕಿಡಿಗಾಗಿ ಕರೆಂಟ್ ಕಡಿಯುವ ಕಾಂಟ್ಯಾಕ್ಟ್ ಪಾಯಿಂಟ್ ಗ್ಯಾಪ್ 0.35–0.40 ಮಿ.ಮೀ.ಗೆ ಹಿಡಿದು, ಕಿಡಿಯ ಟೈಮಿಂಗ್ ಟಿಡಿಸಿಗಿಂತ (ಪಿಸ್ಟನ್ ತುತ್ತತುದಿ ಮುಟ್ಟುವ ಜಾಗ) 0.8 ಮಿ.ಮೀ. ಮುಂಚೆ ಇಟ್ಟೆ. ಎಂಜಿನ್ ತಣ್ಣಗಿರುವಾಗ ವಾಲ್ವ್ ತೆರೆಯಲು ತಳ್ಳುವ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಬಾರದು. ಬೆಂಡ್ ಪೈಪ್ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬಾಗಿದ ಕೊಳವೆ) ಸಿಲಿಂಡರ್ ಹೆಡ್ ಸೇರುವ ಜಾಗಕ್ಕೆ ಶಾಖ ತಡೆಯುವ ಪೇಸ್ಟ್ ಹಚ್ಚಿದೆ. ಇಲ್ಲಿ ಲೀಕ್ ಇದ್ದರೆ ಥ್ರಾಟಲ್ ಬಿಟ್ಟಾಗ ಪಟಪಟ ಸಿಡಿಯುತ್ತದೆ. ಅದನ್ನು ಜೆಟ್ಟಿನ ದೋಷ ಎಂದುಕೊಂಡು ಎಷ್ಟೋ ಜನ ಪೆಟ್ರೋಲ್ ಸುಮ್ಮನೆ ಏರಿಸುತ್ತಾರೆ.

ಹ್ಯಾಂಡಲ್ ಗ್ರಿಪ್ಪಿಗೆ ಬಿಳಿ ಟೇಪ್ ಅಂಟಿಸಿ ಥ್ರಾಟಲ್ ತಿರುವಿನ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿಕೊಂಡೆ. ಮುಕ್ಕಾಲಿನಿಂದ ಪೂರ್ತಿವರೆಗೆ ಮೇನ್ ಜೆಟ್ಟಿನದು, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್‌ನದು, ಅದಕ್ಕೂ ಕೆಳಗೆ ಪೈಲಟ್ ಮತ್ತು ಸ್ಲೈಡ್. ಸ್ಲೈಡ್ ಅಂದರೆ ಥ್ರಾಟಲ್ ಜೊತೆ ಏರಿಳಿಯುವ ಮುಚ್ಚಳ, ನೀಡಲ್ ಅದಕ್ಕೆ ತೂಗುವ ಸೂಜಿ. ಮೇನ್ ಜೆಟ್ ಒಂದನ್ನೇ ಬದಲಿಸಿ ಕೈ ತೊಳೆದುಕೊಳ್ಳುವುದು ದೊಡ್ಡ ತಪ್ಪು. ಬುಲೆಟ್ ದಿನವಿಡೀ ಓಡುವುದು ನೀಡಲ್ ಮೇಲೆ.

ಆದರೂ ಶುರು ಮಾಡಬೇಕಾದ್ದು ಮೇನ್ ಜೆಟ್ಟಿನಿಂದಲೇ. 95 ಹಾಕಿ, ಹೊಸ ಸ್ಪಾರ್ಕ್ ಪ್ಲಗ್ ಬಿಗಿದು, ಬಿಸಿಯಾದ ಎಂಜಿನ್ನಿನಲ್ಲಿ ಖಾಲಿ ನೇರ ರಸ್ತೆಯಲ್ಲಿ ನಾಲ್ಕನೇ ಗೇರ್, ಪೂರ್ತಿ ಥ್ರಾಟಲ್, ಸುಮಾರು ಒಂದು ಕಿ.ಮೀ. ಅಲ್ಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಗಾಡಿ ಉರುಳಲು ಬಿಟ್ಟೆ. ಐಡಲ್‌ನಲ್ಲಿ ಓಡಿಸಿ ನಿಲ್ಲಿಸಿದರೆ ಪ್ಲಗ್ ಸುಳ್ಳು ಹೇಳುತ್ತದೆ. ಪ್ಲಗ್ ತುದಿಯ ಪಿಂಗಾಣಿ ಬೆಳ್ಳಗಿತ್ತು, ಅಂದರೆ ಪೆಟ್ರೋಲ್ ಸಾಲದು. 100ರ ಜೆಟ್ಟಿಗೆ ತಿಳಿ ಕಂದು ಬಂತು, ಅದೇ ಸರಿಯಾದ ಬಣ್ಣ. ಈಗಿನ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿನಲ್ಲಿ ಆಮ್ಲಜನಕ ಇರುವುದರಿಂದ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಮ್ಮಿ), ಅದಕ್ಕೇ 95 ಸಾಲಲಿಲ್ಲ ಎನ್ನುವುದು ನನ್ನ ಅಂದಾಜು. ಜೆಟ್ ತೂತನ್ನು ತಂತಿಯಿಂದ ಅಗಲ ಮಾಡಲೇಬೇಡಿ. ಹಿತ್ತಾಳೆ ಮೆತ್ತಗೆ, ಅಳತೆ ಕೆಟ್ಟರೆ ಮತ್ತೆ ಸಿಗದು.

ಆಮೇಲೆ ಅರ್ಧ ಥ್ರಾಟಲ್. ಸಮ ವೇಗದಲ್ಲಿ ಗಾಡಿ ಜಗ್ಗಿ ಜಗ್ಗಿ ಹೋಗುತ್ತಿತ್ತು. ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ತುಸು ಎಳೆದಾಗ ಸರಿಹೋಯಿತು, ಅಂದರೆ ಇಲ್ಲೂ ಪೆಟ್ರೋಲ್ ಕಮ್ಮಿ. ನೀಡಲ್ ಕ್ಲಿಪ್ಪನ್ನು ಮಧ್ಯದ ಕಚ್ಚಿನಿಂದ ಒಂದು ಕಚ್ಚು ಕೆಳಗೆ ಇಳಿಸಿದೆ. ಕ್ಲಿಪ್ ಇಳಿದರೆ ನೀಡಲ್ ಏರಿ ಪೆಟ್ರೋಲ್ ಹೆಚ್ಚುತ್ತದೆ. ಜಗ್ಗಾಟ ನಿಂತಿತು. ಎರಡು ಕಚ್ಚು ಇಳಿಸಿ ನೋಡಿದರೆ ಕಪ್ಪು ಹೊಗೆ, ಮಂದ ಓಟ. ಹೀಗೇ ಬಿಟ್ಟರೆ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ರಿಂಗ್ ಸವೆಸುತ್ತದೆ.

ಪೈಲಟ್ ಜೆಟ್ 25 ಹಾಗೇ ಉಳಿಯಿತು. ಏರ್ ಸ್ಕ್ರೂ ಒಂದೂವರೆ ಸುತ್ತು ಹೊರಗಿತ್ತು, ಒಂದೂಕಾಲಿಗೆ ತಂದೆ. ವಿಎಂನಲ್ಲಿ ಈ ಸ್ಕ್ರೂ ಗಾಳಿಯದು: ಒಳಗೆ ತಿರುಗಿಸಿದರೆ ಪೆಟ್ರೋಲಿನ ಪಾಲು ಹೆಚ್ಚು.

ಇದೆಲ್ಲ ಬೆಂಗಳೂರಿನ ಲೆಕ್ಕ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಘಾಟಿ ಇಳಿದು ಮಂಗಳೂರು ಸೇರಿದರೆ ಗಾಳಿ ದಟ್ಟ, ಇದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಕರಾವಳಿಯ ಹೆದ್ದಾರಿಯಲ್ಲಿ ಬಹಳ ಹೊತ್ತು ಪೂರ್ತಿ ಥ್ರಾಟಲ್ ಹಿಡಿಯುವವರು 105 ಹಾಕಿ ಮತ್ತೆ ಪ್ಲಗ್ ನೋಡಬೇಕು.