ಪೌಡರ್ ತೂಕ ಪ್ರತಿ ಸಲ ಒಂದೇ ಬರ್ಬೇಕಂದ್ರೆ
ಇದು ಅಮೆರಿಕದಲ್ಲಿ ಮನೇಲಿ ರೀಲೋಡ್ ಮಾಡೋರಿಗೆ, ಅಂದ್ರೆ ಹಾರಿಸಿದ ತೋಟಾದ ಖಾಲಿ ಕೇಸ್‌ಗೆ (ಕೊಳವೆಗೆ) ಮತ್ತೆ ಗನ್ ಪೌಡರ್ ತುಂಬಿ ಬುಲೆಟ್ ಕೂರಿಸೋರಿಗೆ, ಇಂಡಿಯಾದಲ್ಲಿ ಲೈಸೆನ್ಸ್ ಇಲ್ದೆ ಇದಕ್ಕೆ ಕೈ ಹಾಕ್ಬೇಡಿ.

ಪೌಡರ್ ಮೆಷರ್ (ಹ್ಯಾಂಡಲ್ ಎಳೆದ್ರೆ ಒಂದು ಅಳತೆ ಪೌಡರ್ ಸುರಿಯೋ ಸಾಧನ) ತೂಗಲ್ಲ, ಅಳೆಯುತ್ತೆ ಅಷ್ಟೆ, ಅಜ್ಜಿ ಸೇರಲ್ಲಿ ಅಕ್ಕಿ ಅಳೀತಿದ್ರಲ್ಲ ಹಾಗೆ, ಸೇರನ್ನ ಕುಟ್ಟಿದ್ರೆ ಇನ್ನೊಂದು ಹಿಡಿ ಹಿಡಿಯುತ್ತೆ, ಇಲ್ಲೂ ಅದೇ ಕಥೆ. ಅದಕ್ಕೆ ಹಾಪರ್ (ಮೇಲಿರೋ ಪೌಡರ್ ಡಬ್ಬ) ಅರ್ಧಕ್ಕಿಂತ ಕೆಳಗೆ ಇಳೀದಿರಲಿ, ಒಳಗೆ ಬ್ಯಾಫಲ್ (ಮೇಲಿನ ಪೌಡರ್ ಭಾರ ಕೆಳಗೆ ಒತ್ತದ ಹಾಗೆ ತಡೆಯೋ ತಗಡು) ಇರಲಿ, ಹ್ಯಾಂಡಲ್ ಪ್ರತಿ ಸಲ ಒಂದೇ ಥರ ಎಳೀರಿ. ಮೊದಲ ಹತ್ತು ಚಾರ್ಜ್ (ಒಂದ್ಸಲಕ್ಕೆ ಬೀಳೋ ಪೌಡರ್) ವಾಪಸ್ ಹಾಪರ್‌ಗೇ ಸುರೀರಿ, ಆಮೇಲೆ ಹತ್ತು ಒಟ್ಟಿಗೆ ತೂಗಿ ಸರಾಸರಿ ನೋಡಿ.

ಗುಂಡು ಕಾಳಿನ ಥರದ ಬಾಲ್ ಪೌಡರ್ ಸಲೀಸಾಗಿ ಹರಿಯುತ್ತೆ. ಕಡ್ಡಿ ಥರದ ಪೌಡರ್‌ದೇ ರಗಳೆ, ಹ್ಯಾಂಡಲ್ ಕಟಕ್ ಅಂತ ಸಿಕ್ಕಾಕ್ಕೊಂಡ್ರೆ ಕಡ್ಡಿ ತುಂಡಾಯ್ತು ಅಂತ್ಲೇ, ಆ ಚಾರ್ಜ್ ವಾಪಸ್ ಹಾಕ್ಬಿಡಿ. ನಾನಂತೂ ಸ್ವಲ್ಪ ಕಮ್ಮಿ ಹಾಕಿ ಮಿಕ್ಕಿದ್ದನ್ನ ಸ್ಕೇಲ್ (ತಕ್ಕಡಿ) ಮೇಲೆ ಟ್ರಿಕ್ಲರಲ್ಲಿ (ಕಾಳು ಕಾಳಾಗಿ ಉದುರಿಸೋ ಸಾಧನ) ಉದುರಿಸ್ತೀನಿ.

ಪೌಡರ್ ತೂಗೋದು ಗ್ರೇನ್ ಲೆಕ್ಕದಲ್ಲಿ, 1 ಗ್ರೇನ್ ಅಂದ್ರೆ ಸುಮಾರು 65 ಮಿಲಿಗ್ರಾಂ, ಇಷ್ಟು ಸಣ್ಣ ತೂಕಕ್ಕೆ ಗಾಳಿ ತಾಗಿದ್ರೂ ಸ್ಕೇಲ್ ತಪ್ಪು ತೋರ್ಸುತ್ತೆ, ಒಂದ್ಸಲ ಗಂಟೆಗಟ್ಲೆ ಮೆಷರನ್ನ ಬೈದು ಆಮೇಲೆ ನೋಡಿದ್ರೆ ತಲೆ ಮೇಲೆ ಫ್ಯಾನ್ ತಿರುಗ್ತಿತ್ತು. ಬುಲೆಟ್ ಕೂರಿಸೋ ಮುಂಚೆ ಎಲ್ಲಾ ಕೇಸ್ ಒಳಗೂ ಟಾರ್ಚ್ ಬಿಟ್ಟು ನೋಡಿ, ಡಬಲ್ ಚಾರ್ಜ್ ಬಿದ್ರೆ ಗನ್ನೇ ಒಡೆಯುತ್ತೆ.