ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ-ಅಮ್ಮನ ಜೊತೆ ದುಡ್ಡಿನ ಮಾತು ಆಡುವುದು ಹೇಗೆ?

ದೀಪಾವಳಿಗೆ ಮಕ್ಕಳು, ಸೊಸೆ, ಅಳಿಯ ಎಲ್ಲ ಒಂದೇ ಮನೆಯಲ್ಲಿ ಸೇರುತ್ತಾರೆ. ದುಡ್ಡಿನ ವಿಷಯ ಕೂತು ಮಾತಾಡಲು ಒಳ್ಳೆಯ ಸಮಯ ಇದು. ಆದರೆ ಎಷ್ಟೋ ಮನೆಗಳಲ್ಲಿ ಈ ಮಾತು ಶುರುವಾಗುವುದೇ ಅಪ್ಪ ಆಸ್ಪತ್ರೆ ಸೇರಿದ ಮೇಲೆ. ಆಗ ಪಾಸ್‌ಬುಕ್ಕಿಗಾಗಿ ಬೀರು ತಡಕಾಡುವ ಸಂಕಟ ಯಾರಿಗೂ ಬೇಡ.

ಹೊತ್ತು ನೋಡಿ

ಲಕ್ಷ್ಮೀಪೂಜೆಯ ಸಂಜೆ ಬೇಡ. ಪಾಡ್ಯದ ಊಟ ಮುಗಿದು, ನೆಂಟರು ಹೊರಟ ಮೇಲೆ ಕೂರಿ. ಹಿಂದಿನ ದಿನವೇ ಒಂದು ಮಾತು ಹೇಳಿಡಿ: "ಅಪ್ಪಾ, ನಾಳೆ ಅರ್ಧ ಗಂಟೆ ಕೂತು ಮಾತಾಡೋಣ. ನಂದೂ ಒಂದಿಷ್ಟು ಲೆಕ್ಕ ನಿಮಗೆ ಹೇಳೋದಿದೆ." ಅಮ್ಮ ಇರಲೇಬೇಕು. ಮುಂದೆ ಬ್ಯಾಂಕಿಗೆ ಓಡಾಡುವ ಪರಿಸ್ಥಿತಿ ಅವರಿಗೇ ಬರಬಹುದು. ಹೆಣ್ಣುಮಕ್ಕಳನ್ನೂ ಕೂರಿಸಿಕೊಳ್ಳಿ. 2005ರ ಕಾನೂನು ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ.

ಮೊದಲು ನಿಮ್ಮದು ಹೇಳಿ

ನಿಮ್ಮ ಮನೆ ಸಾಲ ಎಷ್ಟು ಬಾಕಿ, ತಿಂಗಳ ಕಂತು ಎಷ್ಟು, ವಿಮೆ ಎಲ್ಲಿದೆ, ಎಲ್ಲ ತೆರೆದಿಡಿ. ಮಗ ತನ್ನ ಸಾಲ ಹೇಳಿಕೊಂಡ ಮೇಲೆ ಅಪ್ಪನಿಗೂ ಮಾತಾಡುವುದು ಹಗುರ.

"ಎಲ್ಲಿದೆ" ಅಂತ ಕೇಳಿ

"ಎಷ್ಟಿದೆ" ಅಂತ ಕೇಳಿದ ಕೂಡಲೇ ಆಸ್ತಿ ಮೇಲೆ ಕಣ್ಣು ಬಿತ್ತು ಅನ್ನಿಸುತ್ತದೆ. ಎಲ್ಲೆಲ್ಲಿ ಇದೆ ಅಂತ ಗೊತ್ತಾದರೆ ಸಾಕು. ಒಂದು ನೋಟ್‌ಬುಕ್ ಕೊಟ್ಟು ಅಪ್ಪನ ಕೈಯಲ್ಲೇ ಬರೆಸಿ: ಬ್ಯಾಂಕ್, ಪೋಸ್ಟ್ ಆಫೀಸ್, ಎಲ್‌ಐಸಿ, ಚೀಟಿ, ಅಡವಿಟ್ಟ ಚಿನ್ನ, ಕೊಟ್ಟ ಕೈಸಾಲ, ತಗೊಂಡ ಕೈಸಾಲ. ಕೈಸಾಲಕ್ಕೆ ಎಷ್ಟೋ ಸಲ ಕಾಗದವೇ ಇರುವುದಿಲ್ಲ, ಹಾಗಾಗಿ ಅದನ್ನು ಮರೆಯಬೇಡಿ. ಎಟಿಎಂ ಪಿನ್, ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯುವುದು ಬೇಡ.

ಸೊಸೈಟಿ ಠೇವಣಿ

ಬಡ್ಡಿ ಜಾಸ್ತಿ ಸಿಗುತ್ತದೆ ಅಂತ ನಿವೃತ್ತಿಯ ಹಣವೆಲ್ಲ ಊರಿನ ಸೊಸೈಟಿಯಲ್ಲಿ ಇಟ್ಟವರು ನಮ್ಮಲ್ಲಿ ಬಹಳ ಜನ. ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಲಿ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರವರೆಗೆ ಇದು ಬರೀ 1 ಲಕ್ಷ ಇತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಅನ್ವಯ. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಇದು ಇಲ್ಲ. ಹೆಸರು ಕೇಳಿದರೆ ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ? ಠೇವಣಿ ರಸೀದಿ ತೆಗೆದು ಸಂಸ್ಥೆಯ ಹೆಸರನ್ನು ಪೂರ್ತಿ ಓದಿ.

ಹಾಗಂತ "ಅಲ್ಲಿ ಯಾಕೆ ಇಟ್ರಿ?" ಅಂತ ಗದರಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಸೊಸೈಟಿಯ ಕಾರ್ಯದರ್ಶಿ ಅಪ್ಪನ ಸ್ನೇಹಿತರೇ ಇರಬಹುದು. "ಅವಧಿ ಮುಗಿದಾಗ ಸ್ವಲ್ಪ ಪೋಸ್ಟ್ ಆಫೀಸಿಗೆ ಹಾಕೋಣ್ವಾ?" ಅಂತ ಕೇಳಿ ನೋಡಿ. 60 ದಾಟಿದವರು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ.

ನಾಮಿನಿ, ಉಯಿಲು

ಹಳೆಯ ಖಾತೆಗಳಲ್ಲಿ ನಾಮಿನಿ ಹೆಸರು ತೀರಿಹೋದ ಅಜ್ಜಿಯದೇ ಉಳಿದಿರಬಹುದು. ನೋಡಿ ಬದಲಿಸಿ. ನಾಮಿನಿಗೆ ಬ್ಯಾಂಕ್ ಹಣ ಕೊಡುತ್ತದೆ ನಿಜ, ಆದರೆ ಅಷ್ಟಕ್ಕೇ ಅದು ಅವರ ಸ್ವಂತದ್ದಾಗುವುದಿಲ್ಲ. ವಾರಸುದಾರರ ಹಕ್ಕು ಹಾಗೇ ಇರುತ್ತದೆ. ಅದಕ್ಕೇ ಉಯಿಲು ಬೇಕು. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಮತ್ತು ಇಬ್ಬರು ಸಾಕ್ಷಿಗಳು ಸಾಕು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸುವುದು ಒಳ್ಳೆಯದು. ಹಬ್ಬದ ದಿನ ಉಯಿಲಿನ ಮಾತು ಅಪಶಕುನ ಅಂತ ಅಮ್ಮ ಅಂದರೆ ಒತ್ತಾಯ ಬೇಡ. ಸಂಕ್ರಾಂತಿಗೆ ಮತ್ತೆ ಬರುತ್ತೀರಲ್ಲ.

ಹೊರಡುವ ಮುಂಚೆ

ಅಪ್ಪ ಕೇಂದ್ರ ಸರ್ಕಾರದ ಪಿಂಚಣಿದಾರರಾದರೆ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿದರೆ ಮನೆಯಲ್ಲೇ ಆಗುತ್ತದೆ. ಆಧಾರ್ ಮತ್ತು ಪಿಂಚಣಿ ಕಾಗದ ಕೈಗಿಟ್ಟುಕೊಂಡು ನಿಮ್ಮ ಫೋನಿನಲ್ಲೇ ಮಾಡಿಕೊಟ್ಟು ಬನ್ನಿ.