ಮ್ಯಾಟರ್‌ಹಾರ್ನ್ ಬುಡದಲ್ಲಿ ಐದು ದಿನದ ಸಂಸಾರ

ಅತ್ತೆ ಮಾವನವರನ್ನು ಕರೆದುಕೊಂಡು ಸ್ವಿಟ್ಜರ್ಲೆಂಡಿನಲ್ಲಿ ಮ್ಯಾಟರ್‌ಹಾರ್ನ್ ಶಿಖರದ ಬುಡದಲ್ಲಿರುವ ಜೆರ್ಮಾಟ್ ಊರಿಗೆ ಹೋಗುವವರು ಹೋಟೆಲ್ ಬಿಟ್ಟು ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಬೆಳಿಗ್ಗೆ ಆರಕ್ಕೆ ಕಾಫಿ, ರಾತ್ರಿ ಸಾರು ಅನ್ನ ಸಿಕ್ಕಿದರೆ ಹಿರಿಯರು ಯಾವ ಬೆಟ್ಟಕ್ಕೂ ಸಿದ್ಧ. ನಾವು ಬಾಸೆಲ್‌ನಿಂದ ಹೋಗಿ ಹಿಡಿದ ಮನೆಗೆ ಉಲ್ರಿಚ್ ಇಂಡರ್‌ಬಿನೆನ್ ಅವರ ಹೆಸರಿತ್ತು. 1900ರಲ್ಲಿ ಹುಟ್ಟಿ 2004ರವರೆಗೆ ಬದುಕಿದ ಆ ಊರಿನ ಪರ್ವತ ಮಾರ್ಗದರ್ಶಿ. ಮ್ಯಾಟರ್‌ಹಾರ್ನ್ ಹತ್ತಿದ್ದು 370ಕ್ಕೂ ಹೆಚ್ಚು ಸಲ; ಕೊನೆಯ ಸಲ ಹತ್ತಿದಾಗ ವಯಸ್ಸು ತೊಂಬತ್ತರ ಹತ್ತಿರ. ಹಜಾರದಲ್ಲಿ ಅವರ ಚಿತ್ರ. ಮಾವನವರು ದಿನವೂ ಕಾಫಿ ಲೋಟ ಹಿಡಿದು ಅದರ ಎದುರು ನಿಲ್ಲುತ್ತಿದ್ದರು. ಅವರಿಗೆ ಎಪ್ಪತ್ತೊಂದು, ಮೊಣಕಾಲು ನೋವು ಬೇರೆ.

ಮುಂಗಡ ಕೊಡುವ ಮೊದಲು ಬಾಡಿಗೆಯ ಒಟ್ಟು ಮೊತ್ತ ಕೇಳಿ. ಕೊನೆಯ ದಿನದ ಶುಚಿ ಮಾಡುವ ಖರ್ಚು, ತಲೆಗೆ ಇಷ್ಟೆಂದು ಪ್ರವಾಸಿ ತೆರಿಗೆ ಬೇರೆಯಾಗಿ ಬರುತ್ತವೆ. ನಾನು ಕೇಳದೆ ಬೆಪ್ಪಾದೆ. ಲಿಫ್ಟ್ ಇದೆಯೇ, ನಿಲ್ದಾಣದಿಂದ ಏರುದಾರಿಯೇ ಎಂಬುದನ್ನೂ ವಿಚಾರಿಸಿ. ಊರೊಳಗೆ ಕಾರು ಬಿಡುವುದಿಲ್ಲ, ಕೆಳಗಿನ ಟೆಶ್ ಊರಿನಲ್ಲೇ ನಿಲ್ಲಿಸಬೇಕು. ರೈಲಾದರೆ ವಿಸ್ಪ್‌ನಲ್ಲಿ ಒಮ್ಮೆ ಬದಲಿಸಿದರಾಯಿತು.

ಇನ್ನು ಕುಕ್ಕರ್ ವಿಷಯ. ಒಲೆ ಯಾವುದು ಎಂದು ಖಂಡಿತ ಕೇಳಿ. ಇಂಡಕ್ಷನ್ ಆದರೆ ಊರಿನಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬೆಚ್ಚಗೂ ಆಗುವುದಿಲ್ಲ. ಫ್ರಿಜ್ಜಿನ ಬಾಗಿಲಿನ ಆಯಸ್ಕಾಂತವನ್ನು ತಳಕ್ಕೆ ಹಿಡಿದು ನೋಡಿ, ಗಟ್ಟಿಯಾಗಿ ಅಂಟಿದರೆ ಸರಿ. ಕುಕ್ಕರ್ ಇಲ್ಲದೆ ಪಾತ್ರೆಯಲ್ಲೇ ಬೇಯಿಸುತ್ತೇನೆ ಎಂದು ನಾನು ಹಟ ಹಿಡಿದೆ. ಊರು ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ, ನೀರು ಅಲ್ಲಿ 95 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಒಂದೂವರೆ ಗಂಟೆ ಕೊತಕೊತ ಕುದಿದರೂ ತೊಗರಿಬೇಳೆ ಬೆರಳಿಗೆ ಗಟ್ಟಿಯಾಗಿಯೇ ಸಿಕ್ಕಿತು. "ಬೇಳೆ ಕಟ್ಟು ಬಸಿದು ಸಾರು ಮಾಡು, ಉಳಿದದ್ದು ನಾಳೆಗೆ" ಎಂದರು ಅತ್ತೆ. ಅದರ ಬದಲು ಹೆಸರುಬೇಳೆ ಒಯ್ಯಿರಿ, ಅರ್ಧ ಗಂಟೆ ನೆನೆಸಿ. ಒಗ್ಗರಣೆಗೆ ಮೊದಲು ಕಿಟಕಿ ತೆರೆಯಿರಿ. ಹೊಗೆಯ ಅಲಾರಂ ಮೆಣಸಿನಕಾಯಿಗೂ ಕೂಗುತ್ತದೆ.

ಮೊದಲ ದಿನ ಎಲ್ಲಿಗೂ ಹತ್ತಬೇಡಿ. ಊರೊಳಗಿನ ಹಿಂಟರ್‌ಡಾರ್ಫ್ ಓಣಿಯಲ್ಲಿ ಮರದ ಹಳೆಯ ಉಗ್ರಾಣಗಳಿವೆ. ಕಂಬಕ್ಕೂ ಉಗ್ರಾಣಕ್ಕೂ ನಡುವೆ ಬೀಸುವ ಕಲ್ಲಿನಂಥ ಅಗಲ ಚಪ್ಪಡಿ: ಇಲಿ ಕಂಬ ಹತ್ತಿದರೂ ಚಪ್ಪಡಿ ದಾಟಲಾರದು. "ನಮ್ಮ ಅಟ್ಟಕ್ಕೆ ಯಾರಿಗೂ ಇದು ಹೊಳೆಯಲಿಲ್ಲ" ಎಂದು ಅತ್ತೆ ಅಲ್ಲಿಂದ ಕದಲಲಿಲ್ಲ. ಚರ್ಚಿನ ಬಳಿಯ ವಸ್ತುಸಂಗ್ರಹಾಲಯದಲ್ಲಿ 1865ರ ಜುಲೈ 14ರಂದು ತುಂಡಾದ ಹಗ್ಗವಿದೆ. ಅಂದು ಮೊದಲ ಸಲ ಮ್ಯಾಟರ್‌ಹಾರ್ನ್ ಶಿಖರ ಮುಟ್ಟಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು. ಆ ಹಗ್ಗ ಇಷ್ಟು ತೆಳುವೇ ಎನಿಸುತ್ತದೆ.

ಮೂರನೆಯ ದಿನ ಗೋರ್ನರ್‌ಗ್ರಾಟ್ ಬೆಟ್ಟದ ಮೇಲಕ್ಕೆ ಹೋಗುವ ರೈಲು ಹಿಡಿಯಿರಿ, ಬಲಗಡೆ ಕುಳಿತುಕೊಳ್ಳಿ. ಮೇಲೆ 3,089 ಮೀಟರ್; ಹೃದಯದ ತೊಂದರೆ ಇರುವವರು ವೈದ್ಯರನ್ನು ಮೊದಲೇ ಕೇಳಬೇಕು. ಮಾವನವರು ಮೇಲೆ ಹತ್ತೇ ಹೆಜ್ಜೆ ನಡೆದು ಬೆಂಚು ಹಿಡಿದರು, ಬಹಳ ಹೊತ್ತು ಮ್ಯಾಟರ್‌ಹಾರ್ನ್ ನೋಡಿದರು. ಆಮೇಲೆ ಕೇಳಿದರು: "ಆ ಮನುಷ್ಯನಿಗೆ ಮೊಣಕಾಲು ನೋಯುತ್ತಿರಲಿಲ್ಲವೇ?"